ಆಟದ ಅಂಗಳ ಯಾರ ಸೊತ್ತು?

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಕೂಡು ಸಭೆಯಲ್ಲಿ ಮಾಡಿದ ಭಾಷಣ)



ಕೂಲಿಯ ಮಾತು, ಬೋನಸ್ಸಿನ ಮಾತು ಕೇಳಲು ನೀವು ಬಂದಿದ್ದೀರಿ. ಅದನ್ನು ನಮಗಿಂತ ಮುಂಚೆ ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ನಾವು ಮಕ್ಕಳ ಆಟದ ವಿಚಾರ ಎತ್ತುತ್ತೇವೆ. ದಯವಿಟ್ಟು ನಗಬೇಡಿ. ಊರಿನ ನೆಲ ಯಾರದು, ಅದರ ಮೇಲೆ ಏನಾಗಬೇಕೆಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಇದರಲ್ಲಿಯೇ ಅಡಗಿದೆ.

ಗಿರಣಿ ಬೀದಿಯ ತುದಿಯಲ್ಲಿರುವ ನಗರಸಭೆಯ ಖಾಲಿ ಜಾಗ ನೀವೆಲ್ಲ ಬಲ್ಲದ್ದೇ. ಅಲ್ಲಿ ಮಳಿಗೆ ಕಟ್ಟಬೇಕೆಂದು ಕೆಲವರು, ಹುಡುಗರಿಗೆ ಸ್ಕೇಟಿಂಗ್ ಅಂಗಳ ಮಾಡಬೇಕೆಂದು ಕೆಲವರು. 'ಹಲಗೆಗೆ ನಾಲ್ಕು ಚಕ್ರ ಹಚ್ಚಿ ಜಾರುವುದಕ್ಕೂ ಒಂದು ಜಾಗವೇ?' ಎಂದು ವ್ಯಾಪಾರಿ ಮಿತ್ರರು ಕೇಳುತ್ತಾರೆ. ಮೊದಲು ನಾವೂ ಹಾಗೆಯೇ ಕೇಳಿದೆವು. ಬಳಿಕ ಬೇರೆ ಊರುಗಳ ಕಥೆ ತಿಳಿದು ಮನಸ್ಸು ಬದಲಾಯಿತು.

ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ ಬರ್ನ್‌ಸೈಡ್ ಎಂಬ ಸೇತುವೆಯಿದೆ. ಅದರ ಅಡಿಯ ಜಾಗ ಪಾಳುಬಿದ್ದು ಪುಂಡರ ಬಿಡಾರವಾಗಿತ್ತು. 1990ರಲ್ಲಿ ಸ್ಕೇಟ್‌ಬೋರ್ಡ್ ಆಡುವ ಕೆಲವು ಯುವಕರು ಅಲ್ಲಿ ಕಸ ಗುಡಿಸಿ, ಗೋಡೆಯ ಬುಡಕ್ಕೆ ತಾವೇ ಕಾಂಕ್ರೀಟು ಕಲಸಿ ಇಳಿಜಾರು ಕಟ್ಟಿದರು. ಅಪ್ಪಣೆಯಿಲ್ಲ, ಗುತ್ತಿಗೆದಾರನಿಲ್ಲ. ಕೈಗೆ ಬಂದಷ್ಟು ಸಿಮೆಂಟು, ಸಿಕ್ಕಷ್ಟು ಬಿಡುವು. ಹುಡುಗರ ಓಡಾಟ ಹೆಚ್ಚಿದಂತೆ ಪುಂಡರ ಕಾಟ ತಗ್ಗಿತು. ಆಗ ಸುತ್ತಲಿನ ವ್ಯಾಪಾರಸ್ಥರೇ ಹುಡುಗರ ಪರ ನಿಂತರು. ಕೊನೆಗೆ ನಗರಾಡಳಿತವೂ ಒಪ್ಪಿತು. ಅದೇ ನಗರ ಮುಂದೆ 19 ಸ್ಥಳಗಳಲ್ಲಿ ಇಂಥ ಅಂಗಳಗಳ ಯೋಜನೆಯನ್ನೇ ಹಾಕಿಕೊಂಡಿತು. ವ್ಯಾಪಾರಿ ಮಿತ್ರರು ಈ ಮಾತನ್ನು ಗಮನಿಸಬೇಕು: ಜನ ಓಡಾಡುವ ಜಾಗದ ಪಕ್ಕದ ಅಂಗಡಿಗೆ ನಷ್ಟವಿಲ್ಲ.

ಆಡುವವರನ್ನು ಏಕೆ ಕೇಳಬೇಕು? ಎಂಜಿನಿಯರು ಸಾಲದೇ? ಸ್ಕೇಟ್‌ಬೋರ್ಡಿನ ಚಕ್ರ ಬಲು ಸಣ್ಣದು. ಅಡ್ಡಳತೆ ಸುಮಾರು 5ರಿಂದ 6 ಸೆಂಟಿಮೀಟರು. ನಮ್ಮ ಸೈಕಲ್ಲು ಲೆಕ್ಕಿಸದೆ ದಾಟುವ ಬಿರುಕಿಗೆ ಈ ಚಕ್ರ ಸಿಕ್ಕರೆ ಹಲಗೆ ಅಲ್ಲಿಯೇ ನಿಲ್ಲುತ್ತದೆ, ಮೇಲಿದ್ದ ಹುಡುಗ ಮುಂದಕ್ಕೆ ಬೀಳುತ್ತಾನೆ. ನೆಲ ನುಣುಪಾಗಿರಬೇಕು. ಬಾಗು ಎಲ್ಲಿಯೂ ಮುರಿಯದೆ ಒಂದೇ ಸಮನೆ ಏರಬೇಕು. ಮಳೆಯ ನೀರು ತಗ್ಗಿನಲ್ಲಿ ನಿಲ್ಲದಂತೆ ಚರಂಡಿ ಇರಬೇಕು. ಎಳೆಯರು ಕಲಿಯುವ ಜಾಗ ಪಳಗಿದವರ ದಾರಿಗೆ ಅಡ್ಡ ಬರಬಾರದು. ಮಗ್ಗದ ದೋಷ ನೇಯುವವನಿಗೆ ತಿಳಿಯುವಷ್ಟು ಮಾಲೀಕನಿಗೆ ತಿಳಿಯುವುದೇ? ಇದೂ ಹಾಗೆಯೇ.

ಇನ್ನೊಂದು ಕಥೆ ಲಂಡನ್ನಿನದು. ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ 1967ರಲ್ಲಿ ತೆರೆದ ಒಂದು ಸಂಗೀತ ಭವನವಿದೆ. ಅದರ ತಳದ ಕಂಬಗಳ ನಡುವೆ 1970ರ ದಶಕದಿಂದಲೂ ಹುಡುಗರು ಆಡುತ್ತ ಬಂದಿದ್ದರು. ಭವನಗಳ ದುರಸ್ತಿಗೆ ಹಣ ಬೇಕೆಂದು 2013ರಲ್ಲಿ ಆಡಳಿತದವರು ಆ ತಳವನ್ನು ಅಂಗಡಿ-ಹೋಟೆಲುಗಳಿಗೆ ಕೊಡಲು ಹೊರಟರು. ಹುಡುಗರಿಗೆ ಸಮೀಪದ ಸೇತುವೆಯ ಕೆಳಗೆ ಬೇರೆ ಜಾಗ ತೋರಿಸಿದರು. ಹುಡುಗರು ಅಲ್ಲೇ ಮೇಜು ಹಾಕಿ ದಾರಿಹೋಕರ ಸಹಿ ಕೂಡಿಸಿದರು. ಯೋಜನೆಗೆ 27 ಸಾವಿರಕ್ಕೂ ಮೀರಿ ಆಕ್ಷೇಪಣೆಗಳು ಬಂದವು. 2014ರ ಸೆಪ್ಟೆಂಬರಿನಲ್ಲಿ ರಾಜಿಯಾಯಿತು. ಜಾಗ ಹುಡುಗರಿಗೇ ಉಳಿಯಿತು. ಮುಂದೆ ಎರಡೂ ಪಕ್ಷದವರು ಕೂಡಿ ಹಣವೆತ್ತಿ, ಮುಚ್ಚಿದ್ದ ಒಂದು ಭಾಗವನ್ನು 2019ರಲ್ಲಿ ತೆರೆದರು.

ಅದು ಲಂಡನ್ನಿನ ಮಾತಾಯಿತೆನ್ನುವಿರಾ? ಬೆಂಗಳೂರಿನಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ಆ ಹಂಚಿಕೆ ಸಲ್ಲದೆಂದಿತು. ಬಯಲು ಜಾಗದ ಬಗ್ಗೆ ಕೇಳುವ ಹಕ್ಕು ಸುತ್ತಲಿನ ನಿವಾಸಿಗಳಿಗೆ ಉಂಟೆಂದು ಅಂದೇ ಸ್ಥಿರಪಟ್ಟಿತು.

ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಾವು ಮೇಷ್ಟರಾಗಿದ್ದ ಕಾಲದಲ್ಲಿ ಸಂಜೆ 5 ಗಂಟೆಗೆ ಶಾಲೆಯ ಅಂಗಳಕ್ಕೆ ಬೀಗ ಹಾಕಿಸುತ್ತಿದ್ದೆವು. ಗೋಡೆ ಹಾರಿ ಬಂದ ಗಿರಣಿ ಮಕ್ಕಳನ್ನು ಬೆತ್ತ ಹಿಡಿದು ಓಡಿಸಿದ್ದೂ ಉಂಟು. ಅವರು ಎಲ್ಲಿ ಆಡಬೇಕೆಂದು ಒಂದು ದಿನವೂ ಯೋಚಿಸಲಿಲ್ಲ. ಆ ಮಕ್ಕಳಲ್ಲಿ ಕೆಲವರು ಇಂದು ಈ ಸಭೆಯಲ್ಲಿ ಕುಳಿತಿದ್ದಾರೆ. ಅವರ ಮಕ್ಕಳ ವಿಷಯದಲ್ಲಿ ಅದೇ ತಪ್ಪು ಆಗಬಾರದು.

ಮಳಿಗೆಗಳಿಗೆ ನಾವು ವಿರೋಧಿಗಳಲ್ಲ. ಆದರೆ ಆ ಮಳಿಗೆ ನಮ್ಮ ಗಾಡಿ ವ್ಯಾಪಾರಿಗೆ ಸಿಗುವುದೋ, ಹರಾಜಿನಲ್ಲಿ ಹೆಚ್ಚು ಕೂಗಿದ ಸಾಹುಕಾರನಿಗೆ ಸಿಗುವುದೋ? ನೀವೇ ಹೇಳಿ. ಅಂಗಳವಾದರೆ ಬೇಲಿಯ ಹೊರಗೆ ಗಾಡಿಗಳಿಗೂ ಸಾಲು ಬಿಡಬಹುದು. ಇದನ್ನೂ ನಮ್ಮ ಬೇಡಿಕೆಯಲ್ಲಿ ಸೇರಿಸೋಣ.

ಬರುವ ಭಾನುವಾರ ಬೆಳಿಗ್ಗೆ ಆ ಜಾಗದಲ್ಲಿಯೇ ಸೇರೋಣ. ಗಾರೆ ಕೆಲಸ ಬಲ್ಲವರು ಟೇಪು ತರಲಿ. ವ್ಯಾಪಾರಿಗಳು ತಮ್ಮ ಅಳುಕನ್ನು ಮುಚ್ಚುಮರೆಯಿಲ್ಲದೆ ಹೇಳಲಿ. ಹುಡುಗರು, ಮುಖ್ಯವಾಗಿ ಹುಡುಗಿಯರು, ತಮಗೇನು ಬೇಕೆಂದು ನೆಲದ ಮೇಲೆ ಸುಣ್ಣದಲ್ಲಿ ಗೀಚಿ ತೋರಿಸಲಿ. ಆ ಗೆರೆಗಳನ್ನು ಕಾಗದಕ್ಕಿಳಿಸಿ, ಎಲ್ಲರ ಸಹಿಯೊಡನೆ ನಗರಸಭೆಯ ಮುಂದಿಡೋಣ. ಅರ್ಜಿಯನ್ನು ನಾವು ಬರೆಯುತ್ತೇವೆ. ಆದರೆ ಮೊದಲ ಸಹಿ ಆಡುವ ಮಗುವಿನದಾಗಿರಲಿ.