ಪರೇಲಿನ ಪ್ರಯೋಗಾಲಯದಿಂದ ತೊಟ್ಟಿಲವರೆಗೆ



ಡೊಂಬಿವಲಿಯಿಂದಲೋ ಕಲ್ಯಾಣದಿಂದಲೋ ಸ್ಲೋ ಲೋಕಲ್ ಹಿಡಿದು ಪರೇಲಿನಲ್ಲಿ ಇಳಿದರೆ ಕೆ.ಇ.ಎಂ. ಆಸ್ಪತ್ರೆ ದೂರವೇನಿಲ್ಲ. ಊರಿನಿಂದ ಬಂದ ಬಂಧುಗಳನ್ನು ಚಿಕಿತ್ಸೆಗೆಂದು ಅಲ್ಲಿಗೆ ಕರೆದುಕೊಂಡು ಹೋದವರು ನಿಮ್ಮಲ್ಲಿ ಎಷ್ಟೋ ಮಂದಿ ಇರಬಹುದು. ಅದೇ ಆಸ್ಪತ್ರೆಯಲ್ಲಿ 1986ರ ಆಗಸ್ಟ್ 6ರಂದು ಒಂದು ಹೆಣ್ಣು ಮಗು ಹುಟ್ಟಿತು. ಹೆಸರು ಹರ್ಷಾ. ವೈಜ್ಞಾನಿಕ ದಾಖಲೆಗಳೊಂದಿಗೆ ಜಗತ್ತಿನ ಮುಂದೆ ಬಂದ ಭಾರತದ ಮೊದಲ ಪ್ರನಾಳ ಶಿಶು ಆಕೆ. ಹೆರಿಗೆ ಮಾಡಿಸಿದವರು ಡಾ. ಇಂದಿರಾ ಹಿಂದುಜಾ. 2016ರಲ್ಲಿ ಅದೇ ಹರ್ಷಾ ತಾಯಿಯಾದಾಗಲೂ ಹೆರಿಗೆ ಮಾಡಿಸಿದವರು ಅವರೇ.

ಈ ಕತೆಯಲ್ಲಿ ಪತ್ರಿಕೆಗಳು ಅಷ್ಟಾಗಿ ಹೇಳದ ಇನ್ನೊಂದು ಭಾಗವಿದೆ. ಆಸ್ಪತ್ರೆಯ ಜೊತೆಗೆ ಕೈಜೋಡಿಸಿದ್ದು ಪರೇಲಿನಲ್ಲೇ ಇರುವ ಐ.ಸಿ.ಎಂ.ಆರ್.ನ ಸಂತಾನೋತ್ಪತ್ತಿ ಸಂಶೋಧನಾ ಸಂಸ್ಥೆ. ಅದರ ಆಗಿನ ನಿರ್ದೇಶಕರು ಡಾ. ಟಿ.ಸಿ. ಆನಂದ ಕುಮಾರ್. ಅಂಡಾಣು ಹೊರತೆಗೆಯುವುದು ಡಾಕ್ಟರರ ಕೆಲಸ. ಹೊರತೆಗೆದ ಮೇಲೆ ಅದನ್ನು ಬದುಕಿಸಿ ಬೆಳೆಸುವುದು ಪ್ರಯೋಗಾಲಯದ ಕೆಲಸ. ಇವತ್ತು ನಾನು ನಿಮ್ಮೊಡನೆ ಮಾತಾಡಬೇಕೆಂದಿರುವುದು ಆ ಪ್ರಯೋಗಾಲಯದ ಬಗ್ಗೆ.

ಪ್ರನಾಳ ಎಂದ ಕೂಡಲೇ ಉದ್ದನೆಯ ಗಾಜಿನ ಕೊಳವೆ ಕಣ್ಣಮುಂದೆ ಬರುತ್ತದೆ. ನಿಜವಾಗಿ ಅಲ್ಲಿರುವುದು ಅಂಗೈಯಲ್ಲಿ ಹಿಡಿಸುವ ಒಂದು ಚಪ್ಪಟೆ ತಟ್ಟೆ. ಅದರಲ್ಲಿ ಕೆಲವು ಹನಿ ಪೋಷಕ ದ್ರವ. ಈ ದ್ರವ ಸಿದ್ಧಿಸುವುದಕ್ಕೇ ವರ್ಷಗಳು ಹಿಡಿದವು. ಇಂಗ್ಲೆಂಡಿನ ರಾಬರ್ಟ್ ಎಡ್ವರ್ಡ್ಸ್ ಎಷ್ಟು ಪ್ರಯತ್ನಿಸಿದರೂ ಮನುಷ್ಯರ ಅಂಡಾಣು ದೇಹದ ಹೊರಗೆ ಫಲಿತವಾಗುತ್ತಿರಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಬ್ಯಾರಿ ಬಾವಿಸ್ಟರ್ ಎಂಬ ಸಂಶೋಧನಾ ವಿದ್ಯಾರ್ಥಿ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಗಾಗಿ ತಯಾರಿಸಿದ್ದ ದ್ರವ. ಅದನ್ನು ಬಳಸಿ ಪಡೆದ ಫಲಿತಾಂಶ 1969ರಲ್ಲಿ ಪ್ರಕಟವಾಯಿತು. ಮೊದಲ ಶಿಶು ಲೂಯಿಸ್ ಬ್ರೌನ್ ಹುಟ್ಟಿದ್ದು 1978ರ ಜುಲೈ 25ರಂದು. ಆ ತಂಡದಲ್ಲಿ ಪ್ರಯೋಗಾಲಯವನ್ನು ನೋಡಿಕೊಳ್ಳುತ್ತಿದ್ದವರು ಜೀನ್ ಪರ್ಡಿ, ನರ್ಸ್ ಆಗಿ ತರಬೇತಿ ಪಡೆದ ಹೆಣ್ಣುಮಗಳು. ಎಡ್ವರ್ಡ್ಸ್ ಅವರಿಗೆ 2010ರಲ್ಲಿ ನೊಬೆಲ್ ಬಂತು. ಅದನ್ನು ನೋಡಲು ಪರ್ಡಿ ಇರಲಿಲ್ಲ, 1985ರಲ್ಲೇ ತೀರಿಕೊಂಡಿದ್ದರು.

ಅಂದಿನಿಂದ ಇಂದಿನವರೆಗೆ ನಡೆದ ಸುಧಾರಣೆಗಳೆಲ್ಲ ಬಾಣಂತಿ ಕೋಣೆಯ ಆರೈಕೆಯಂತೆ. ತಾಯಿಯ ಒಡಲಿನ ಬಿಸಿ 37 ಡಿಗ್ರಿ. ಭ್ರೂಣವಿಡುವ ಪೆಟ್ಟಿಗೆಯಲ್ಲೂ ಅಷ್ಟೇ ಇರಬೇಕು. ದ್ರವದ ಹುಳಿ ಹೆಚ್ಚುಕಮ್ಮಿಯಾಗದಂತೆ ಕಾರ್ಬನ್ ಡೈಆಕ್ಸೈಡನ್ನು ಅಳತೆಯಲ್ಲಿ ಬಿಡಬೇಕು. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು 21 ಶೇಕಡಾ. ಗರ್ಭನಾಳದೊಳಗೆ ಅದು ಬಹಳ ಕಡಿಮೆ. ಹಾಗಾಗಿ ಒಳ್ಳೆಯ ಪ್ರಯೋಗಾಲಯಗಳು ಈಗ 5 ಶೇಕಡಾ ಆಮ್ಲಜನಕದಲ್ಲಿ ಭ್ರೂಣ ಬೆಳೆಸುತ್ತವೆ. ಹೊಸ ಬಣ್ಣದ ವಾಸನೆ, ಸೆಂಟಿನ ಘಮ ಕೂಡ ಭ್ರೂಣಕ್ಕೆ ಆಗದು. ಅಲ್ಲಿ ಕೆಲಸ ಮಾಡುವವರು ಸೆಂಟ್ ಹಚ್ಚಿಕೊಂಡು ಬರುವಂತಿಲ್ಲ. ಇಷ್ಟೆಲ್ಲ ಮಾಡಿದರೂ ಫಲಿತವಾದ ಅಂಡಾಣುಗಳಲ್ಲಿ ಐದಾರು ದಿನ ಬೆಳೆದು ಮುಂದಿನ ಹಂತ ಮುಟ್ಟುವವು ಸಾಮಾನ್ಯವಾಗಿ ಅರ್ಧದಷ್ಟು ಮಾತ್ರ.

1992ರಲ್ಲಿ ಬ್ರಸೆಲ್ಸ್‌ನಿಂದ ಇನ್ನೊಂದು ದೊಡ್ಡ ಸುದ್ದಿ ಬಂತು. ಒಂದೇ ಒಂದು ವೀರ್ಯಾಣುವನ್ನು ಕೂದಲಿಗಿಂತ ತೆಳುವಾದ ಸೂಜಿಯಲ್ಲಿ ನೇರವಾಗಿ ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ವಿಧಾನ. ಗಂಡಸರಲ್ಲಿ ದೋಷವಿರುವ ಎಷ್ಟೋ ದಂಪತಿಗಳಿಗೆ ಅದು ದಾರಿ ತೆರೆಯಿತು. ಆಮೇಲೆ ಬಂದದ್ದು ಭ್ರೂಣವನ್ನು ಕ್ಷಣಮಾತ್ರದಲ್ಲಿ ಗಾಜಿನಂತೆ ಹೆಪ್ಪುಗಟ್ಟಿಸುವ ವಿಧಾನ. ನಿಧಾನವಾಗಿ ತಣಿಸಿದರೆ ಮಂಜಿನ ಹರಳುಗಳು ಮೂಡಿ ಜೀವಕೋಶವನ್ನು ಸೀಳುತ್ತವೆ. ಕ್ಷಣದಲ್ಲಿ ತಣಿಸಿದರೆ ಹರಳು ಮೂಡಲು ಸಮಯವೇ ಸಿಗುವುದಿಲ್ಲ.

ಹೆಪ್ಪುಗಟ್ಟಿಸುವ ಮಾತು ಬಂದಾಗ ಕೋಲ್ಕತಾದ ಡಾ. ಸುಭಾಷ್ ಮುಖೋಪಾಧ್ಯಾಯರನ್ನು ನೆನೆಯಲೇಬೇಕು. ಲೂಯಿಸ್ ಬ್ರೌನ್ ಹುಟ್ಟಿ 70 ದಿನ ಆದಾಗ, 1978ರ ಅಕ್ಟೋಬರ್ 3ರಂದು, ಅವರ ಪ್ರಯತ್ನದಿಂದ ದುರ್ಗಾ ಎಂಬ ಮಗು ಹುಟ್ಟಿತು. ಭ್ರೂಣವನ್ನು ಹೆಪ್ಪುಗಟ್ಟಿಸಿಟ್ಟು ಆಮೇಲೆ ಗರ್ಭಕ್ಕೆ ಸೇರಿಸಿದ್ದರು. ಹೊರದೇಶದಲ್ಲಿ ಈ ರೀತಿ ಶಿಶು ಹುಟ್ಟಿದ್ದು 1984ರಲ್ಲಿ, ಆಸ್ಟ್ರೇಲಿಯಾದಲ್ಲಿ. ಆದರೆ ಸರಕಾರ ನೇಮಿಸಿದ ಸಮಿತಿ ಮುಖೋಪಾಧ್ಯಾಯರ ಮಾತನ್ನು ನಂಬಲಿಲ್ಲ. ತಮ್ಮ ಕೆಲಸ ವಿವರಿಸಲು ಜಪಾನಿಗೆ ಹೋಗಲು ಅನುಮತಿ ಸಿಗಲಿಲ್ಲ. ಕಣ್ಣಿನ ಚಿಕಿತ್ಸೆಯ ಸಂಸ್ಥೆಗೆ ಅವರನ್ನು ವರ್ಗ ಮಾಡಲಾಯಿತು. 1981ರ ಜೂನ್ 19ರಂದು ಅವರು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ತಪನ್ ಸಿನ್ಹಾ ಅವರ ‘ಏಕ್ ಡಾಕ್ಟರ್ ಕೀ ಮೌತ್’ ಚಿತ್ರವನ್ನು ನೋಡಿದವರಿಗೆ ಈ ನೋವಿನ ನೆರಳು ಪರಿಚಿತ.

ಮುಂದೆ ನಡೆದದ್ದು ಅಪರೂಪದ ಸಂಗತಿ. ಪರೇಲಿನ ಯಶಸ್ಸಿನಲ್ಲಿ ಪಾಲುದಾರರಾಗಿದ್ದ ಆನಂದ ಕುಮಾರ್ ಅವರ ಕೈಗೆ ಮುಖೋಪಾಧ್ಯಾಯರ ಟಿಪ್ಪಣಿಗಳು ಬಂದವು. ಅವನ್ನು ಓದಿದ ಮೇಲೆ ಅವರು ಸುಮ್ಮನಿರಲಿಲ್ಲ. 1997ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ, ಭಾರತದ ಮೊದಲ ಪ್ರನಾಳ ಶಿಶುವಿನ ಶಿಲ್ಪಿ ಮುಖೋಪಾಧ್ಯಾಯರೇ ಎಂದು ಬರೆದರು. ಅಂದರೆ ಮೊದಲಿಗರೆಂಬ ಹಿರಿಮೆಯನ್ನು ತಮ್ಮ ಕೈಯಿಂದಲೇ ಎತ್ತಿ ಇನ್ನೊಬ್ಬರಿಗೆ ಕೊಟ್ಟರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಅವರು 2010ರಲ್ಲಿ ತೀರಿಕೊಂಡರು.

ಇಷ್ಟು ಹಳೆಯ ಕತೆ ಈಗೇಕೆ ಎಂದು ನೀವು ಕೇಳಬಹುದು. ಪ್ರಯೋಗಾಲಯ ನಡೆಯುವುದು ಪ್ರಾಮಾಣಿಕವಾದ ಲೆಕ್ಕದ ಮೇಲೆ. ಕಂಡದ್ದನ್ನು ಕಂಡಂತೆ ಬರೆಯುವುದು, ತಪ್ಪಿದ್ದನ್ನು ತಪ್ಪಿತು ಎನ್ನುವುದು. ಥಾಣೆ, ಡೊಂಬಿವಲಿ, ವಾಶಿ ಕಡೆ ಫರ್ಟಿಲಿಟಿ ಸೆಂಟರಿನ ಬೋರ್ಡು ನೋಡಿ ಒಳಗೆ ಹೋಗುವ ದಂಪತಿಗೂ ಬೇಕಾದದ್ದು ಇದೇ. ಪಿ.ಎಫ್. ತೆಗೆದು, ಬಂಗಾರ ಅಡವಿಟ್ಟು ಹೋಗುತ್ತಾರೆ. ಹಾಗೆ ಹೋಗುವವರು ಮೂರು ಪ್ರಶ್ನೆ ಕೇಳಿ.

ಮೊದಲನೆಯದು, 2021ರ ಕಾಯಿದೆಯಂತೆ ಈ ಕೇಂದ್ರದ ನೋಂದಣಿ ಆಗಿದೆಯೇ? ಚಿಕಿತ್ಸೆಗೆ ಹೆಂಗಸರಿಗೆ 21ರಿಂದ 50, ಗಂಡಸರಿಗೆ 21ರಿಂದ 55 ಎಂಬ ವಯೋಮಿತಿಯೂ ಅದರಲ್ಲಿದೆ. ಎರಡನೆಯದು, ನನ್ನ ವಯಸ್ಸಿನವರಲ್ಲಿ ಚಿಕಿತ್ಸೆ ಆರಂಭಿಸಿದ ನೂರು ಮಂದಿಯಲ್ಲಿ ಎಷ್ಟು ಮಂದಿ ಮಗು ಎತ್ತಿಕೊಂಡು ಮನೆಗೆ ಹೋದರು? ಪರೀಕ್ಷೆಯಲ್ಲಿ ಗರ್ಭ ನಿಂತದ್ದು ಬೇರೆ, ತೊಟ್ಟಿಲು ತೂಗಿದ್ದು ಬೇರೆ. ಮೂರನೆಯದು, ಹೆಚ್ಚಿನ ಹಣ ಕೇಳುವ ಈ ಹೊಸ ಸೌಲಭ್ಯದಿಂದ ಹೆರಿಗೆಯ ಪ್ರಮಾಣ ಹೆಚ್ಚಿದ್ದಕ್ಕೆ ಆಧಾರವಿದೆಯೇ? ಭ್ರೂಣದ ಬೆಳವಣಿಗೆಯನ್ನು ಕ್ಯಾಮೆರಾದಲ್ಲಿ ನಿರಂತರವಾಗಿ ನೋಡುವ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ಬ್ರಿಟನ್ ಮತ್ತು ಹಾಂಗ್‌ಕಾಂಗ್‌ನಲ್ಲಿ ಸಾವಿರದೈನೂರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದರಿಂದ ಜೀವಂತ ಜನನದ ಪ್ರಮಾಣ ಹೆಚ್ಚಿದ್ದು ಕಾಣಲಿಲ್ಲ.

ಕೊನೆಯದಾಗಿ ಮನೆಯ ಹಿರಿಯರಿಗೆ ಒಂದು ಮಾತು. ಸಂಘದ ಕಾರ್ಯಕ್ರಮದಲ್ಲಿ, ಮದುವೆ ಮನೆಯಲ್ಲಿ ಸೊಸೆಯನ್ನು ನಿಲ್ಲಿಸಿ “ಏನಮ್ಮಾ, ವಿಶೇಷ ಏನೂ ಇಲ್ವಾ?” ಎಂದು ಕೇಳುವುದನ್ನು ಬಿಟ್ಟುಬಿಡೋಣ. ಮಕ್ಕಳಾಗದ ಪ್ರಸಂಗಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ಮೊದಲ ಪರೀಕ್ಷೆಗೆ ಇಬ್ಬರೂ ಒಟ್ಟಿಗೆ ಹೋಗಲಿ. ನಾಗಪ್ರತಿಷ್ಠೆಗೆ, ಅಶ್ವತ್ಥ ಪ್ರದಕ್ಷಿಣೆಗೆ ಹೋಗುವವರು ಹೋಗಲಿ, ಆದರೆ ಡಾಕ್ಟರರ ಬಳಿಗೆ ಹೋಗುವುದನ್ನು ಮುಂದೂಡಬೇಡಿ. ಹರಕೆಗೆ ವಯಸ್ಸಿಲ್ಲ, ಅಂಡಾಣುವಿಗೆ ವಯಸ್ಸಿದೆ.

ಮುಂದೆ ಎಂದಾದರೂ ಪರೇಲಿನಲ್ಲಿ ಇಳಿದಾಗ, ಅಲ್ಲಿ ಪುಟ್ಟ ತಟ್ಟೆಯೊಂದನ್ನು ರಾತ್ರಿ ಹಗಲು ಕಾದವರನ್ನು ಒಮ್ಮೆ ನೆನೆಯಿರಿ.