ಊರಿನವರು ಮತ್ತು ಬಂದು ಹೋಗುವವರು



ಬೀದರ ಸೀಮೆಯ ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳುವ ಮೊದಲ ಮಾತು 'ಯಾವೂರ್ರಿ ನಿಮ್ದು?' ಎಂಬುದು. ಉತ್ತರ ಬಂದೊಡನೆ ಆ ಊರಿನಲ್ಲಿ ತಮಗೆ ಗೊತ್ತಿರುವ ಯಾರದೋ ಹೆಸರು ತೆಗೆಯುತ್ತಾರೆ, ದೂರದ ಬೀಗತನದ ಎಳೆಯೊಂದನ್ನು ಹುಡುಕುತ್ತಾರೆ. ಭಾಲ್ಕಿ ಬರುವಷ್ಟರಲ್ಲಿ ಇಬ್ಬರೂ ಕಾಕಾ-ಮಾಮಾ ಆಗಿರುತ್ತಾರೆ. 2020ರ ಮಾರ್ಚ್ ಕೊನೆಯ ವಾರದಲ್ಲಿ ಇದೇ ಪ್ರಶ್ನೆ ಊರ ಅಗಸಿಯಲ್ಲಿ ಕೋಲು ಹಿಡಿದು ನಿಂತವರ ಬಾಯಿಂದ ಬರತೊಡಗಿತು. ಆಗ ಅದರ ಅರ್ಥವೇ ಬೇರೆಯಾಯಿತು. ಉತ್ತರ ಮುಂಬಯಿ, ಪುಣೆ ಅಥವಾ ಹೈದರಾಬಾದು ಎಂದಾದರೆ ಕೇಳಿದವನು ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದ.

ಆ ದಿನಗಳಲ್ಲಿ ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳು ದಾರಿಗೆ ಅಡ್ಡಲಾಗಿ ಜಾಲಿಮುಳ್ಳು ಎಳೆದವು. ಕೆಲವು ಊರುಗಳು ರಸ್ತೆಯನ್ನೇ ಅಗೆದವು. ಸರ್ಕಾರದ ಆದೇಶ ಹಳ್ಳಿ ತಲುಪುವ ಮೊದಲೇ ಮುಳ್ಳು ತಲುಪಿತ್ತು. ಪಕ್ಕದ ಕಲಬುರಗಿಯಲ್ಲಿ ಆ ಮಾರ್ಚ್ ತಿಂಗಳಲ್ಲೇ ದೇಶದ ಮೊದಲ ಕೋವಿಡ್ ಸಾವು ಸಂಭವಿಸಿತ್ತು. ಆದ್ದರಿಂದ ಈ ಭಾಗದ ಭಯಕ್ಕೆ ಪತ್ರಿಕೆಯ ಸುದ್ದಿಯೇ ಬೇಕಿರಲಿಲ್ಲ. ಸಾವು ನೂರು-ನೂರಿಪ್ಪತ್ತು ಕಿಲೋಮೀಟರ್ ದೂರಕ್ಕೆ ಬಂದಾಗಿತ್ತು. ಆ ಮುಳ್ಳನ್ನು ಮೂಢತನವೆಂದು ನಗುವುದು ಸುಲಭ. ಜ್ವರ ಬಂದರೆ ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದ ಊರು ತನ್ನ ಕೈಗೆ ಸಿಕ್ಕಿದ್ದನ್ನು ಅಡ್ಡ ಹಾಕಿಕೊಂಡಿತು, ಅಷ್ಟೆ.

ರೋಗಕಾಲದಲ್ಲಿ ಊರಿನವರಿಗೂ ಒಂದು ದಿನದ ಮಟ್ಟಿಗೆ ಬಂದು ಹೋಗುವವರಿಗೂ ನಡೆದ ಜಗಳ ಆ ವರ್ಷ ಜಗತ್ತಿನಾದ್ಯಂತ ಕೇಳಿಸಿತು. ಹೆಚ್ಚಾಗಿ ಕೇಳಿಸಿದ್ದು ಕಡಲತೀರದ ಊರುಗಳಿಂದ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬೋರ್ನ್‌ಮತ್‌ನಲ್ಲಿ 2020ರ ಜೂನ್ 25ರಂದು, ಬಿಸಿಲೇರಿದ ದಿನ, ಮರಳ ದಂಡೆಯ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರಿದರು. ಅಲ್ಲಿನ ನಗರಾಡಳಿತ ಅದನ್ನು ದೊಡ್ಡ ಅನಾಹುತದ ಸ್ಥಿತಿ ಎಂದೇ ಘೋಷಿಸಬೇಕಾಯಿತು. ಊರಿನವರ ದೂರು ಸರಳವಾದದ್ದು: ಬಂದವರು ಸಂಜೆಗೆ ಕಾರು ಹತ್ತಿ ಹೋಗುತ್ತಾರೆ, ಕಸ ಇಲ್ಲಿ ಉಳಿಯುತ್ತದೆ, ರೋಗ ಬಂದಿದ್ದರೆ ಅದೂ ಉಳಿಯುತ್ತದೆ, ಆಸ್ಪತ್ರೆ ಮಾತ್ರ ಊರಿನವರ ಲೆಕ್ಕಕ್ಕೆ ಕಟ್ಟಿದ್ದು.

ಕರ್ನಾಟಕದಲ್ಲಿ ಇಂಥದೇ ಮಾತು ಕೊಡಗಿನಿಂದ ಬಂತು, ನಂದಿಬೆಟ್ಟದ ಕಡೆಯಿಂದ ಬಂತು. 2021ರ ಜುಲೈಯಲ್ಲಿ ನಿರ್ಬಂಧ ಸಡಿಲವಾದದ್ದೇ ತಡ, ಬೆಂಗಳೂರಿನ ವಾಹನಗಳು ನಂದಿಯ ದಾರಿಯಲ್ಲಿ ಸಾಲುಗಟ್ಟಿದವು. ಚಿಕ್ಕಬಳ್ಳಾಪುರ ಜಿಲ್ಲಾಡಳಿತ ವಾರಾಂತ್ಯದಲ್ಲಿ ಬೆಟ್ಟಕ್ಕೆ ಪ್ರವೇಶವನ್ನೇ ನಿಲ್ಲಿಸಿತು. ಮನೆಯಲ್ಲಿ ಕೂತು ಬೇಸತ್ತವನಿಗೆ ಬೆಟ್ಟದ ಗಾಳಿ ಬೇಕು. ಬೆಟ್ಟದ ಬುಡದ ಹಳ್ಳಿಯವನಿಗೆ ಆ ಗಾಳಿಯ ಜೊತೆ ಬರುವ ಜನ ಬೇಡ. ಇಬ್ಬರದೂ ನ್ಯಾಯವೇ.

ಬೀದರಿಗೆ ಕಡಲಿಲ್ಲ. ಆದರೆ ಬಂದು ಹೋಗುವವರು ಬೀದರಿಗೆ ಇರುವಷ್ಟು ಕಡಲೂರಿಗೂ ಇರಲಾರರು. ಇಲ್ಲಿ ಜನರನ್ನು ಸೆಳೆಯುವುದು ನೆಲದೊಳಗಿನ ನೀರು. ಝರಣಿ ನರಸಿಂಹನ ದರ್ಶನಕ್ಕೆ ಸುರಂಗದಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ಹೋಗಬೇಕು. ಮಕ್ಕಳನ್ನು ಹೆಗಲ ಮೇಲೆ ಹೊತ್ತು, ಒಬ್ಬರ ಹಿಂದೊಬ್ಬರು, ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುವಂತೆ ತೆಲಂಗಾಣದವರೂ ಮಹಾರಾಷ್ಟ್ರದವರೂ ಅಲ್ಲಿ ಸಾಲು ಹೋಗುತ್ತಾರೆ. ಊರಿನ ಇನ್ನೊಂದು ದಿಕ್ಕಿನಲ್ಲಿ ನಾನಕ ಝೀರಾ. ಗುರು ನಾನಕರು ಇಲ್ಲಿ ಸಿಹಿನೀರಿನ ಬುಗ್ಗೆ ಚಿಮ್ಮಿಸಿದರೆಂಬುದು ಸಿಖ್ಖರ ನಂಬಿಕೆ. ನಾಂದೇಡಿನ ಹುಜೂರ್ ಸಾಹಿಬಿಗೆ ಬಂದ ಯಾತ್ರಿಕರು ಇಲ್ಲಿಗೂ ಬಂದು, ಲಂಗರಿನಲ್ಲಿ ಉಂಡು, ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗುತ್ತಾರೆ. ಇನ್ನು ಬಹಮನಿ ಕೋಟೆ, ಅಷ್ಟೂರಿನ ಗುಮ್ಮಟಗಳು, ಖಾನಾಪುರದ ಮೈಲಾರ ಮಲ್ಲಣ್ಣ. ಮುಚ್ಚಿದ ಜಾಗ, ಕಡಿಮೆ ಗಾಳಿ, ಒತ್ತೊತ್ತಾಗಿ ನಿಂತ ಜನ ಇವೇ ಈ ರೋಗಕ್ಕೆ ಅನುಕೂಲವೆಂದು ವೈದ್ಯರು ಹೇಳಿದ್ದನ್ನು ನೆನೆದರೆ, ಝರಣಿಯ ಸುರಂಗಕ್ಕಿಂತ ಅಪಾಯದ ತಾಣವನ್ನು ಊಹಿಸುವುದು ಕಷ್ಟ.

ಹಾಗೆಂದು ಬಾಗಿಲು ಮುಚ್ಚಿದಾಗ ಊರು ನೆಮ್ಮದಿಯಾಗಿತ್ತೆ? ಪುರಾತತ್ವ ಇಲಾಖೆ 2020ರ ಮಾರ್ಚ್ 17ರಿಂದ ದೇಶದ ಸ್ಮಾರಕಗಳಿಗೆ ಬೀಗ ಹಾಕಿತು. ರಾಜ್ಯದ ದೇವಾಲಯಗಳು ಮುಚ್ಚಿ, ಜೂನ್ 8ರಂದು ತೆರೆದು, ಮರುವರ್ಷ ಏಪ್ರಿಲಿನಲ್ಲಿ ಮತ್ತೆ ಮುಚ್ಚಿ, ಜುಲೈ 5ರವರೆಗೆ ಭಕ್ತರನ್ನು ಕಾಣಲಿಲ್ಲ. ಆ ತಿಂಗಳುಗಳಲ್ಲಿ ತೆಂಗಿನಕಾಯಿ ಮಾರುವವರು, ಆಟೋದವರು, ಚಹಾದಂಗಡಿಯವರು, ಲಾಡ್ಜುಗಳವರು ಕೈಕಟ್ಟಿ ಕೂತರು. ಬಿದರಿ ಕೆಲಸದವರ ಕಷ್ಟ ಇನ್ನೊಂದು ಬಗೆಯದು. ಸತುವು-ತಾಮ್ರದ ಎರಕದ ಮೇಲೆ ಬೆಳ್ಳಿಯ ತಂತಿ ಕೂರಿಸಿ, ಕೋಟೆಯೊಳಗಿನ ಹಳೆಯ ಮಣ್ಣು ಬೆರೆಸಿದ ದ್ರಾವಣದಲ್ಲಿ ಕಾಯಿಸಿದರೆ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುತ್ತದೆ. ಈ ಕಸುಬಿಗೆ ಮಣ್ಣು ಊರಿನದು, ಕೈ ಊರಿನದು. ಕೊಳ್ಳುವವನು ಮಾತ್ರ ಹೊರಗಿನವನು. ಹೂಜಿ, ಹುಕ್ಕಾದ ಬುರುಡೆಗಳನ್ನು ಊರಿನವರು ಮನೆ ಬಳಕೆಗೆಂದು ಕೊಂಡ ಕಾಲ ಯಾವಾಗಲೋ ಮುಗಿದಿದೆ. ಬರುವವನನ್ನು ಕಂಡು ಹೆದರುವ ಊರೂ, ಅವನಿಲ್ಲದೆ ಒಲೆ ಹೊತ್ತಿಸಲಾರದ ಊರೂ ಒಂದೇ. ಕೊಳಾರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರ ಹೆಸರು ಹೊತ್ತ ಕೈಗಾರಿಕಾ ಪ್ರದೇಶಕ್ಕೆ ದಿನವೂ ಬೆಳಿಗ್ಗೆ ಬಂದು ಸಂಜೆ ಹೋಗುವವರನ್ನು ಅವರು ಕಂಡಿದ್ದಾರೆ.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಬೀದರಿನಲ್ಲಿ ಹೊರಗಿನವನು ಎಂದರೆ ಯಾರು?

1956ರ ನವೆಂಬರ್ ಒಂದಕ್ಕೆ ಮುಂಚೆ, ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿ ಉದಗೀರ, ಅಹ್ಮದಪುರ, ನಿಲಂಗಾ ಇದ್ದವು. ಜಹೀರಾಬಾದ್, ನಾರಾಯಣಖೇಡ ಇದ್ದವು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಮರಾಠಿ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೂ ತೆಲುಗು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೂ ಹೋದವು. ಬೀದರ, ಭಾಲ್ಕಿ, ಔರಾದ, ಹುಮನಾಬಾದ, ಬಸವಕಲ್ಯಾಣದ ಭಾಗ ಮೈಸೂರು ರಾಜ್ಯಕ್ಕೆ ಬಂತು. ನಕ್ಷೆ ಹರಿದರೂ ಸಂಬಂಧ ಹರಿಯಲಿಲ್ಲ. ರೈಲು ಇಂದಿಗೂ ಬೀದರ, ಭಾಲ್ಕಿ, ಕಮಲನಗರ, ಉದಗೀರ ಎಂದೇ ನಿಲ್ಲುತ್ತದೆ. ಕಮಲನಗರಕ್ಕೂ ಉದಗೀರಕ್ಕೂ ನಡುವೆ ರಾಜ್ಯ ಬದಲಾದದ್ದು ಕಿಟಕಿಯಲ್ಲಿ ಕುಳಿತವನಿಗೆ ಅಂಗಡಿಯ ಬೋರ್ಡು ನೋಡಿದರೆ ಮಾತ್ರ ಗೊತ್ತಾದೀತು. ಔರಾದಿನ ಹೆಣ್ಣು ದೇಗಲೂರಿಗೆ ಕೊಟ್ಟದ್ದು, ಉದಗೀರದ ಸೊಸೆ ಭಾಲ್ಕಿಗೆ ಬಂದದ್ದು ಮನೆಮನೆಯ ಕಥೆ. 2020ರಲ್ಲಿ 'ಮಹಾರಾಷ್ಟ್ರದಿಂದ ಬಂದವರು' ಎಂಬ ಹಣೆಪಟ್ಟಿ ಬಿದ್ದದ್ದು, ಎಪ್ಪತ್ತು ವರ್ಷದ ಹಿಂದೆ ಇದೇ ಜಿಲ್ಲೆಯ ಕಚೇರಿಗೆ ಕಂದಾಯ ಕಟ್ಟುತ್ತಿದ್ದವರ ಮೊಮ್ಮಕ್ಕಳಿಗೆ.

ಸರ್ಕಾರಕ್ಕೆ ಗೆರೆ ಬೇಕು. ಗೆರೆಯಿಲ್ಲದೆ ಅದು ಆಳಲಾರದು. 2021ರ ಆಗಸ್ಟ್ 6ರಂದು ಎಂಟು ಗಡಿ ಜಿಲ್ಲೆಗಳಿಗೆ ವಾರಾಂತ್ಯದ ಕರ್ಫ್ಯೂ ಘೋಷಣೆಯಾಯಿತು. ಮಹಾರಾಷ್ಟ್ರದ ಅಂಚಿನ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ. ಕೇರಳದ ಅಂಚಿನ ದಕ್ಷಿಣ ಕನ್ನಡ, ಕೊಡಗು, ಮೈಸೂರು, ಚಾಮರಾಜನಗರ. ಶುಕ್ರವಾರ ರಾತ್ರಿ ಒಂಬತ್ತರಿಂದ ಸೋಮವಾರ ಬೆಳಗಿನ ಐದರವರೆಗೆ. ಜೊತೆಗೆ ಮಹಾರಾಷ್ಟ್ರ, ಕೇರಳಗಳಿಂದ ಬರುವವರು ಲಸಿಕೆ ಹಾಕಿಸಿಕೊಂಡಿದ್ದರೂ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿ ತೋರಿಸಬೇಕೆಂಬ ನಿಯಮ. ವಾರಾಂತ್ಯದ ಯಾತ್ರಿಕನನ್ನು ತಡೆಯಲು ಇದು ತಕ್ಕ ಉಪಾಯವೇ ಇದ್ದೀತು. ಆದರೆ ಗಡಿಯಾಚೆಯ ತಂಗಿಯ ಮನೆಗೆ ಹೋಗಿ ಸಂಜೆಗೆ ಮರಳುವವನು, ಗಡಿಯಾಚೆ ಹೊಲವಿರುವ ರೈತ, ಎಮ್ಮೆ ಹೊಡೆದುಕೊಂಡು ಸಂತೆಗೆ ಹೋಗುವವನು, ಇವರೂ ಆ ಗೆರೆಗೆ ಯಾತ್ರಿಕರೇ ಆಗಿ ಕಂಡರು. ಮೂರು ದಿನಕ್ಕೊಮ್ಮೆ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಹೊಲಕ್ಕೆ ಹೋಗುವ ರೈತನನ್ನು ಆದೇಶ ಬರೆದವರು ಮನಸ್ಸಿನಲ್ಲಿ ಇಟ್ಟುಕೊಂಡಿರಲಾರರು.

ಈ ಬಗೆಯ ಗೆರೆಯ ಬೆಲೆಯನ್ನು ಕರ್ನಾಟಕದ ಇನ್ನೊಂದು ತುದಿ ಮೊದಲೇ ತೋರಿಸಿತ್ತು. 2020ರ ಮಾರ್ಚ್‌ನಲ್ಲಿ ಕರ್ನಾಟಕವು ಕಾಸರಗೋಡಿನ ಕಡೆಯ ದಾರಿಗಳಿಗೆ ಮಣ್ಣು ಸುರಿದು ಮುಚ್ಚಿತು. ಮಂಜೇಶ್ವರದವರಿಗೆ ಮಂಗಳೂರು ಪರರಾಜ್ಯವಲ್ಲ, ಆಸ್ಪತ್ರೆ. ಕನ್ನಡವನ್ನೂ ತುಳುವನ್ನೂ ಆಡುವ ಎಷ್ಟೋ ಕುಟುಂಬಗಳು ಬೆಳಿಗ್ಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಸಂಜೆ ಮರಳುತ್ತಿದ್ದವು. ತಲಪಾಡಿಯಲ್ಲಿ ಆಂಬುಲೆನ್ಸುಗಳು ನಿಂತವು. ಚಿಕಿತ್ಸೆ ಸಿಗದೆ ರೋಗಿಗಳು ಸತ್ತ ವರದಿಗಳು ಒಂದರ ಹಿಂದೊಂದು ಬಂದವು. ಕೇರಳ ಹೈಕೋರ್ಟು ಏಪ್ರಿಲ್ 1ರಂದು ದಾರಿ ತೆರೆಸುವಂತೆ ಕೇಂದ್ರಕ್ಕೆ ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ 7ರ ಹೊತ್ತಿಗೆ ರೋಗಿಗಳನ್ನು ಬಿಡುವ ಒಪ್ಪಂದಕ್ಕೆ ಬರಲಾಯಿತು. ಮಂಗಳೂರಿನ ಭಯ ಸುಳ್ಳಾಗಿರಲಿಲ್ಲ. ಕಾಸರಗೋಡಿನಲ್ಲಿ ಆಗ ಸೋಂಕು ಹೆಚ್ಚಿತ್ತು. ಆದರೆ ಮಣ್ಣಿನ ದಿಬ್ಬಕ್ಕೆ ಕೋವಿಡ್ ರೋಗಿಯೂ ಗೊತ್ತಿಲ್ಲ, ಹೃದ್ರೋಗಿಯೂ ಗೊತ್ತಿಲ್ಲ.

ಒಂದು ವರ್ಷ ಕಳೆದ ಸ್ವಲ್ಪದರಲ್ಲೇ ಬೀದರಿನವರೇ ದಿಬ್ಬದ ಆಚೆ ನಿಲ್ಲುವ ಸರದಿ ಬಂತು. ಎರಡನೆಯ ಅಲೆಯಲ್ಲಿ, 2021ರ ಮೇ ತಿಂಗಳಿನಲ್ಲಿ, ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ ಸುತ್ತಲ ರಾಜ್ಯಗಳೆಲ್ಲ ಹೈದರಾಬಾದಿನ ಕಡೆ ಮುಖ ಮಾಡಿದವು. ಬೀದರಿನ ಅನುಕೂಲಸ್ಥರಿಗೂ ಅನುಕೂಲವಿಲ್ಲದವರಿಗೂ ದೊಡ್ಡ ಕಾಯಿಲೆಯೆಂದರೆ ಹೈದರಾಬಾದೇ. ಬೆಂಗಳೂರು ಅದರ ನಾಲ್ಕೈದು ಪಟ್ಟು ದೂರ. ತೆಲಂಗಾಣ ಸರ್ಕಾರ ಹೊರರಾಜ್ಯಗಳ ರೋಗಿಗಳು ಆಸ್ಪತ್ರೆಯ ಪೂರ್ವಾನುಮತಿ ಇಲ್ಲದೆ ಒಳಬರಕೂಡದೆಂದು ಸುತ್ತೋಲೆ ಹೊರಡಿಸಿತು. ಗಡಿಗಳಲ್ಲಿ ಪೊಲೀಸರು ಆಂಬುಲೆನ್ಸುಗಳನ್ನು ತಡೆದರು. ಮೇ 14ರಂದು ತೆಲಂಗಾಣ ಹೈಕೋರ್ಟು ಆ ಸುತ್ತೋಲೆಗೆ ತಡೆ ನೀಡಿತು. ಮುಳ್ಳು ಎಳೆದವರೂ ತಡೆಗೇಟಿನ ಮುಂದೆ ಕೈಮುಗಿದವರೂ ಬೇರೆ ಬೇರೆ ಜನವಲ್ಲ ಎಂಬುದನ್ನು ಈ ಒಂದು ವಾರ ಹೇಳಿದಷ್ಟು ಚೆನ್ನಾಗಿ ಯಾವ ಭಾಷಣವೂ ಹೇಳಲಾರದು.

ಹಿಂದಿನವರು ಇದನ್ನು ಹೇಗೆ ನಿಭಾಯಿಸುತ್ತಿದ್ದರು? ಊರಿಗೆ ಕಾಲರಾ, ಸಿಡುಬು ಬಂದರೆ ಮಾರಿಯನ್ನು ಗಡಿ ದಾಟಿಸುವ ಆಚರಣೆ ದಕ್ಷಿಣದ ಹಳ್ಳಿಗಳಲ್ಲೆಲ್ಲ ಇತ್ತು. ಪುಟ್ಟ ಬಂಡಿಯಲ್ಲೋ ಮೊರದಲ್ಲೋ ದೇವಿಯನ್ನು ಇಟ್ಟು, ಹಲಗೆ ಬಡಿಯುತ್ತಾ ಊರ ಎಲ್ಲೆಗೆ ಒಯ್ದು ಬಿಟ್ಟು ಹಿಂದಿರುಗಿ ನೋಡದೆ ಬರುತ್ತಿದ್ದರು. ಎಲ್ಲೆಯ ಆಚೆ ಇರುವುದು ಇನ್ನೊಂದು ಊರು. ಅವರು ಎದ್ದು ನೋಡಿ, ಬೈದು, ಅದನ್ನು ಮುಂದಿನ ಎಲ್ಲೆಗೆ ಸಾಗಿಸುತ್ತಿದ್ದರು. ಪ್ಲೇಗಿನ ಕಾಲದಲ್ಲಿ ಮಾತ್ರ ಇದಕ್ಕಿಂತ ಬುದ್ಧಿವಂತಿಕೆ ಕಾಣುತ್ತದೆ: ಇಲಿ ಬಿದ್ದೊಡನೆ ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. 1897ರಲ್ಲಿ ಮುಂಬಯಿ ಪ್ಲೇಗಿಗಾಗಿ ಬ್ರಿಟಿಷರು ಮಾಡಿದ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರ ಮಾರ್ಚ್‌ನಲ್ಲಿ ಕರ್ನಾಟಕ ಮೊದಲಿಗೆ ಬಳಸಿದ್ದು. ಒಂದೆರಡು ಪುಟದ ಆ ಕಾಯಿದೆ ರೈಲಿನಲ್ಲಿ, ಹಡಗಿನಲ್ಲಿ ಬರುವವರನ್ನು ತಪಾಸಿಸುವ, ಬೇರೆ ಇರಿಸುವ ಅಧಿಕಾರ ಕೊಡುತ್ತದೆ. ಬೇರೆ ಇರಿಸಿದವರಿಗೆ ಊಟ ಯಾರು ಹಾಕಬೇಕು ಎಂದು ಅದರಲ್ಲಿಲ್ಲ.

ಆ ಪ್ರಶ್ನೆಯನ್ನು ಎದುರಿಸಿದ್ದು ಒಂದು ಕಡಲೂರು. ಏಡ್ರಿಯಾಟಿಕ್ ತೀರದ ರಗುಸಾ, ಇಂದಿನ ಕ್ರೊಯೇಷಿಯಾದ ದುಬ್ರೊವ್ನಿಕ್. ಹೊರಗಿನವರ ವ್ಯಾಪಾರದಿಂದಲೇ ಬದುಕುತ್ತಿದ್ದ ನಗರ ಅದು. ಬಂದರು ಮುಚ್ಚಿದರೆ ಹಸಿವು, ತೆರೆದರೆ ಪ್ಲೇಗು. 1377ರಲ್ಲಿ ಅದು ಎರಡನ್ನೂ ಮಾಡಲಿಲ್ಲ. ರೋಗವಿರುವ ನಾಡಿನಿಂದ ಬಂದವರು ಹತ್ತಿರದ ದ್ವೀಪದಲ್ಲೋ ನೆರೆಯ ಕಾವ್ತಾತ್ ಊರಿನಲ್ಲೋ ಮೂವತ್ತು ದಿನ ಕಳೆದು ನಂತರ ಒಳಗೆ ಬರಲಿ ಎಂದು ವಿಧಿಸಿತು. ಮುಂದೆ ಇದು ನಲವತ್ತು ದಿನವಾಯಿತು. ನಲವತ್ತಕ್ಕಿರುವ ಇಟಲಿಯ ಮಾತಿನಿಂದಲೇ ಎಲ್ಲರ ಬಾಯಲ್ಲೂ ಈಗ ಆಡುವ 'ಕ್ವಾರಂಟೈನ್' ಹುಟ್ಟಿದ್ದು. ವೆನಿಸ್ 1423ರಲ್ಲಿ ದ್ವೀಪವೊಂದರ ಮೇಲೆ ಪ್ಲೇಗಿನವರಿಗೆಂದೇ ಖಾಯಂ ಆಸ್ಪತ್ರೆ ತೆರೆಯಿತು. ಬೇಲಿಗೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಬೇಲಿ 'ಬರಬೇಡ' ಎನ್ನುತ್ತದೆ. ಇದು 'ತಡೆದು ಬಾ' ಎನ್ನುತ್ತದೆ. ಆದರೆ ಹಾಗೆನ್ನಲು ಮನೆ ಕಟ್ಟಬೇಕು, ಕಾವಲು ಬೇಕು, ಅಡುಗೆಯವರು ಬೇಕು. ಮುಳ್ಳಿಗೆ ಇದಾವುದೂ ಬೇಡ, ಆದ್ದರಿಂದಲೇ ಅದು ಎಲ್ಲ ಕಡೆ ಬೇಗ ಎದ್ದಿತು.

2020ರ ಮೇ ತಿಂಗಳಿನಲ್ಲಿ ಮುಂಬಯಿ, ಪುಣೆಗಳ ಕಟ್ಟಡ ಕೆಲಸದವರು ಊರ ಕಡೆ ಹೊರಟು ಬಂದಾಗ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳೂ ಹಾಸ್ಟೆಲುಗಳೂ ಅವಸರದ ರಗುಸಾಗಳಾದವು. ನಲವತ್ತು ಮಂದಿಗೆ ಎರಡು ಶೌಚಾಲಯ, ಮೇ ತಿಂಗಳ ಬಿಸಿಲಿಗೆ ತಗಡಿನ ಮಾಡು, ಹೊತ್ತು ಮೀರಿ ಬರುವ ಅನ್ನ, ಇಂಥವೇ ದೂರುಗಳು. ಶಾಲೆಯನ್ನು ಊರೊಳಗೆ ಬಳಸಕೂಡದೆಂದು ಊರಿನವರು ಅಡ್ಡ ನಿಂತದ್ದೂ ಉಂಟು. ಹಾಗೆ ಅಡ್ಡ ನಿಂತ ಗುಂಪಿನಲ್ಲಿದ್ದವರ ಮನೆಯ ಹೆಂಗಸರೇ ಕತ್ತಲಾದ ಮೇಲೆ ಕಂಪೌಂಡಿನ ಗೋಡೆಯ ಹತ್ತಿರ ಬಂದು, ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಪುಂಡಿಪಲ್ಲೆಯ ಗಂಟನ್ನು ಗೋಡೆಯ ಮೇಲಿಟ್ಟು ದೂರ ಸರಿದು ನಿಂತು, ಒಳಗಿನವನು ಬಂದು ಎತ್ತಿಕೊಳ್ಳುವವರೆಗೆ ನೋಡುತ್ತಿದ್ದರು.