ಎರಡು ಪದಗಳ ಒಂದು ಮನೆ

ಬೆಳಗಿನ ಕಾಫಿಯ ಲೋಟವನ್ನು ಬದಿಗಿರಿಸಿ, ದಿನಪತ್ರಿಕೆಯನ್ನು ನಾಲ್ಕಾಗಿ ಮಡಿಸಿ, ಮೊನೆ ಮಾಡಿಟ್ಟ ಪೆನ್ಸಿಲೊಂದನ್ನು ಹಿಡಿದು ಪದಬಂಧದ ಮುಂದೆ ಕುಳಿತುಕೊಳ್ಳುವ ಅಭ್ಯಾಸ ನನಗೆ ಬಹುಕಾಲದ್ದು. ಕಳೆದ ವಾರ ಆ ಪುಟ್ಟ ಚೌಕಟ್ಟಿನೊಳಗಿನ ಎರಡೇ ಎರಡು ಮನೆಗಳು ನನ್ನನ್ನು ಅರ್ಧ ಗಂಟೆಯವರೆಗೆ ಮೇಲೇಳಗೊಡಲಿಲ್ಲ. ಸುಳಿವು ಅತ್ಯಂತ ಸರಳವಾಗಿತ್ತು: ‘ಹಲ್ಲು’, ಮೇಲಿನಿಂದ ಕೆಳಕ್ಕೆ, ಎರಡು ಅಕ್ಷರ. ಕ್ಷಣಮಾತ್ರವೂ ಯೋಚಿಸದೆ ‘ದಂತ’ ಎಂದು ಬರೆದು ಮುಂದೆ ಸಾಗಿದೆ. ಆ ಪದದ ಎರಡನೆಯ ಮನೆಯನ್ನು ಹಾದುಹೋಗುವ ಅಡ್ಡಸಾಲಿನ ಸುಳಿವು ‘ಕಮಲ’, ಮೂರು ಅಕ್ಷರ. ಅದರ ಮೊದಲೆರಡು ಮನೆಗಳಲ್ಲಿ ‘ನೀ’ ಮತ್ತು ‘ರ’ ಎಂಬ ಅಕ್ಷರಗಳು ಬೇರೆ ಪದಗಳ ನೆರವಿನಿಂದ ಆಗಲೇ ಬಂದು ನೆಲೆಸಿದ್ದವು. ಮೂರನೆಯದರಲ್ಲಿ ನಾನು ಬರೆದ ‘ತ’ಕಾರ ಕುಳಿತಿತ್ತು. ‘ನೀರತ’ ಎಂಬ ಕಮಲ ಯಾವ ನಿಘಂಟಿನಲ್ಲಿಯೂ ಇಲ್ಲ.

ಇಲ್ಲಿ ತುಸು ನಿಂತು ಆ ಕಮಲವನ್ನು ನೋಡಬೇಕು. ನೀರಿನಲ್ಲಿ ಹುಟ್ಟಿದುದು ನೀರಜ, ಅದು ತಾವರೆ. ನೀರನ್ನು ಕೊಡುವುದು ನೀರದ, ಅದು ಮೋಡ. ನೀರನ್ನು ತನ್ನೊಳಗೆ ಇರಿಸಿಕೊಂಡಿರುವುದು ನೀರಧಿ, ಅದು ಕಡಲು. ಜಲಜ, ಜಲದ, ಜಲಧಿ ಎಂದರೂ ಹಾಗೆಯೇ. ಅಂಬುಜ, ಅಂಬುದ, ಅಂಬುಧಿ ಎಂದರೂ ಹಾಗೆಯೇ. ಮೊದಲಿನ ಎರಡು ಅಕ್ಷರಗಳು ಕದಲದೆ ನಿಂತಿರಲು, ಕೊನೆಯ ಒಂದೇ ಒಂದು ಮನೆಯಲ್ಲಿ ಏನು ಬರುವುದೆಂಬುದರ ಮೇಲೆ ಕೊಳದ ಹೂವು ಆಕಾಶದ ಮುಗಿಲಾಗುತ್ತದೆ, ಮುಗಿಲು ದಡವಿಲ್ಲದ ಸಮುದ್ರವಾಗುತ್ತದೆ. ಕಾವ್ಯಗಳನ್ನು ಓದುವಾಗ ಈ ಪದಗಳನ್ನು ನೂರಾರು ಬಾರಿ ದಾಟಿ ಹೋಗಿದ್ದೇನೆ. ಆದರೆ ಕೊನೆಯ ಮನೆ ಖಾಲಿಯಾಗಿ ಕಣ್ಣೆದುರು ನಿಂತಾಗಲ್ಲದೆ, ಅಂತಹ ಒಂದು ಅಲ್ಪಾಕ್ಷರದಲ್ಲಿ ಇನಿತು ಶಕ್ತಿ ಅಡಗಿದೆಯೆಂಬುದು ನನ್ನ ಬುದ್ಧಿಗೆ ತಾಕಿರಲಿಲ್ಲ.

ಪದಬಂಧವೆಂಬ ಈ ವಿನೋದ ಹುಟ್ಟಿದ್ದು ನಮ್ಮ ದೇಶದಲ್ಲಲ್ಲ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಜನಿಸಿ ಅಮೆರಿಕದಲ್ಲಿ ಪತ್ರಕರ್ತರಾಗಿದ್ದ ಆರ್ಥರ್ ವಿನ್ ಎಂಬವರು 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ, ನಡುವೆ ಬರಿದಾದ ವಜ್ರಾಕೃತಿಯ ಒಂದು ಬಂಧವನ್ನು ಪ್ರಕಟಿಸಿದರು. 1924ರಲ್ಲಿ ನ್ಯೂಯಾರ್ಕಿನಲ್ಲಿ ಪದಬಂಧಗಳ ಮೊದಲ ಪುಸ್ತಕ ಹೊರಬಂದಾಗ ಅದರ ಜೊತೆಗೆ ಒಂದು ಪೆನ್ಸಿಲನ್ನೂ ಕೊಟ್ಟಿದ್ದರಂತೆ. ಅದೇ 1913ರ ಆಗಸ್ಟಿನಲ್ಲಿ ನಮ್ಮ ನಾಡಿನಲ್ಲಿ ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದರು, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟಿಗಾಗಿ ದಶಕಗಳ ಕಾಲ ದುಡಿದು, ‘ಇಗೋ ಕನ್ನಡ’ ಅಂಕಣದ ಮೂಲಕ ಓದುಗರ ಸಂದೇಹಗಳನ್ನು ಪರಿಹರಿಸಿ, ನೂರು ವರ್ಷಗಳನ್ನು ದಾಟಿ ಬಾಳಿದರು. ಪದಬಂಧವೂ ಅವರೂ ಒಂದೇ ವರ್ಷದ ಕೂಸುಗಳೆಂಬುದು ಕೇವಲ ಆಕಸ್ಮಿಕ. ಆದರೂ ಅದನ್ನು ನೆನೆಯುವುದೆಂದರೆ ನನಗೆ ಸಂತೋಷ, ಏಕೆಂದರೆ ಒಂದರ ಮುಂದೆ ಕುಳಿತು ದಾರಿ ತಪ್ಪಿದಾಗಲೆಲ್ಲ ಮತ್ತೊಬ್ಬರ ಶ್ರಮದ ಫಲವನ್ನು ಕಪಾಟಿನಿಂದ ಕೆಳಗಿಳಿಸಿದ್ದೇನೆ.

ಇಂಗ್ಲಿಷಿನ ಪದಬಂಧಕಾರನಿಗೆ ಇರುವುದು 26 ಅಕ್ಷರಗಳು. ಕನ್ನಡದ ಮನೆಯಲ್ಲಿ ಕೂರುವುದಾದರೋ ಬಿಡಿ ವರ್ಣವಲ್ಲ, ಗುಣಿತವನ್ನೂ ಒತ್ತನ್ನೂ ಹೊತ್ತ ಇಡಿಯ ಅಕ್ಷರ. ನಮ್ಮ 34 ವ್ಯಂಜನಗಳಿಗೆ 13 ಸ್ವರಗಳನ್ನು ಕೂಡಿಸಿದರೆ, ಒತ್ತಕ್ಷರಗಳ ಲೆಕ್ಕ ಹಿಡಿಯದೆಯೇ 442 ಅಕ್ಷರಗಳಾಗುತ್ತವೆ. ಅಡ್ಡಸಾಲಿನ ಪದಕ್ಕೆ ‘ಕಿ’ ಬೇಕಾಗಿ, ಉದ್ದಸಾಲಿನ ಪದಕ್ಕೆ ‘ಕೀ’ ಬೇಕಾದರೆ ಎರಡೂ ಒಂದೇ ಮನೆಯಲ್ಲಿ ಬಾಳಲಾರವು. ಹ್ರಸ್ವ ದೀರ್ಘಗಳಲ್ಲಿ, ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ನಾವು ನಿತ್ಯವ್ಯವಹಾರದಲ್ಲಿ ತೋರುವ ಅಲಕ್ಷ್ಯವನ್ನು ಪದಬಂಧ ಕ್ಷಮಿಸುವುದಿಲ್ಲ. ಇಂತಹ ಬಿಗಿಯಾದ ನಿಯಮದೊಳಗೆ ಅ. ನಾ. ಪ್ರಹ್ಲಾದರಾವ್ ಅವರೊಬ್ಬರೇ 30,000ಕ್ಕೂ ಮಿಕ್ಕಿ ಕನ್ನಡ ಪದಬಂಧಗಳನ್ನು ರಚಿಸಿದ್ದಾರೆಂಬುದನ್ನು, ಒಂದು ಬಂಧವನ್ನು ಬಿಡಿಸುವುದಕ್ಕೇ ಪ್ರಾತಃಕಾಲವನ್ನೆಲ್ಲ ವ್ಯಯಿಸುವ ನನ್ನಂಥವನು ಬೆರಗಿನಿಂದಲೇ ನೆನೆಯಬೇಕು.

ಸುಳಿವುಗಳೆಲ್ಲ ಸಂಸ್ಕೃತದ ಕೋಶದಿಂದಲೇ ಬರುತ್ತವೆಂದು ಭಾವಿಸಬಾರದು. ನನ್ನ ತಾಯಿ ಇದ್ದ ಕಾಲದಲ್ಲಿ ಒಂದು ದಿನ ‘ಅರ್ಧ ಸೇರು’, ಮೂರು ಅಕ್ಷರ, ಎಂಬ ಸುಳಿವು ಬಂದಿತ್ತು. ಅರವಿಂದ, ರಾಜೀವ, ಪುಂಡರೀಕಗಳನ್ನು ಬಲ್ಲವನಾದ ನಾನು ಅಲ್ಲಿ ಸುಮ್ಮನೆ ಕುಳಿತುಬಿಟ್ಟೆ. ಸುಳಿವನ್ನು ಗಟ್ಟಿಯಾಗಿ ಓದಿಕೊಂಡುದು ಅಡಿಗೆಮನೆಗೆ ಕೇಳಿಸಿರಬೇಕು. “ಅಚ್ಚೇರು ಕಣೋ. ಅಷ್ಟೂ ಗೊತ್ತಿಲ್ವೇನೋ? ದಿನಾ ಅಕ್ಕಿ ಅಳೀತಿರೋದು ಇನ್ಯಾತರಲ್ಲಿ?” ಎಂದು ಅಮ್ಮ ಅಲ್ಲಿಂದಲೇ ಕೇಳಿದಳು. ಮೂರನೆಯ ತರಗತಿಗೆ ಶಾಲೆ ಬಿಟ್ಟವಳು ಆಕೆ. ಪಾವು, ಅಚ್ಚೇರು, ಸೇರು, ಬಳ್ಳ, ಕೊಳಗಗಳು ಆಕೆಗೆ ಪದಗಳಾಗಿರಲಿಲ್ಲ. ಅಂಚು ಸವೆದ, ಹೊಟ್ಟೆಯ ಮೇಲೆ ಎರಡು ಗೀರು ಬಿದ್ದ, ಅಕ್ಕಿಯ ಡಬ್ಬದೊಳಗೆ ಸದಾ ಹುದುಗಿರುತ್ತಿದ್ದ ವಸ್ತುಗಳಾಗಿದ್ದವು. ನಾನು ಎದ್ದು ಹೋಗಿ ಆ ಅಳತೆಯ ಪಾತ್ರೆಯನ್ನು ಕೈಯಲ್ಲಿ ಹಿಡಿದು ನೋಡಿ ಬಂದು, ಆಮೇಲೆ ಆ ಮೂರು ಮನೆಗಳನ್ನು ತುಂಬಿದೆ. ಬೇಡಿದವರಿಗೆ ಅಮ್ಮ ಅದರಲ್ಲಿ ಅಕ್ಕಿ ಅಳೆದು ಕೊಡುವಾಗ ಎಂದೂ ಅಂಚಿಗೆ ಸಮನಾಗಿ ಕೈಯಾಡಿಸಿದವಳಲ್ಲ, ಗೋಪುರ ಮಾಡಿಯೇ ಕೊಡುತ್ತಿದ್ದಳು. ಈಗ ಆ ಪಾತ್ರೆಯೂ ಇಲ್ಲ, ಅಳೆಯುವ ಕೈಯೂ ಇಲ್ಲ. ಪದ ಮಾತ್ರ ನನ್ನ ಬಳಿ ಉಳಿದಿದೆ.

ಹಲ್ಲಿನ ಪ್ರಸಂಗಕ್ಕೆ ಮರಳೋಣ. ನೀರಜವೇ ಸರಿಯೆಂದ ಮೇಲೆ ‘ದಂತ’ ತಪ್ಪೆಂಬುದು ಸ್ಪಷ್ಟವಾಗಿತ್ತು. ಆದರೂ, ನಾಚಿಕೆಯಿಂದಲೇ ಹೇಳುತ್ತೇನೆ, ನಾನು ಅದನ್ನು ಬಿಡಲೊಲ್ಲದೆ, ತಾವರೆಗೆ ‘ತ’ಕಾರದಲ್ಲಿ ಮುಗಿಯುವ ಬೇರೊಂದು ಹೆಸರಿದ್ದೀತೇ ಎಂದು ಬಹಳ ಹೊತ್ತು ಹುಡುಕಿದೆ. ತನಗೆ ಮೊದಲು ಹೊಳೆದುದನ್ನು ಕಾಪಾಡಿಕೊಳ್ಳುವುದಕ್ಕಾಗಿ ಲೋಕದ ಹೂವುಗಳ ಹೆಸರನ್ನೇ ಬದಲಾಯಿಸಲು ಮನಸ್ಸು ಹೇಗೆ ಹವಣಿಸುತ್ತದೆಂಬುದನ್ನು ಆ ಅರ್ಧ ಗಂಟೆಯಲ್ಲಿ ಕಂಡೆ. ಕಡೆಗೆ ರಬ್ಬರು ತೆಗೆದುಕೊಂಡು ಎರಡೂ ಅಕ್ಷರಗಳನ್ನು ಅಳಿಸಿದೆ. ಬರಿದಾದ ಮೊದಲ ಮನೆಯಿಂದ ಹೊರಟ ಅಡ್ಡಸಾಲಿನ ಸುಳಿವು, ‘ಎರಡರಷ್ಟು’ ಎಂಬುದು, ಆಗ ನನ್ನ ಕಣ್ಣಿಗೆ ಬಿತ್ತು. ದ್ವಿಗುಣ. ಮೇಲೆ ‘ದ್ವಿ’, ಕೆಳಗೆ ‘ಜ’. ದ್ವಿಜ!

ಈ ಪದ ನನಗೆ ಗೊತ್ತಿಲ್ಲದ್ದಲ್ಲ. ಹಲ್ಲು, ಬ್ರಾಹ್ಮಣ, ಹಕ್ಕಿ ಎಂಬ ಮೂರೂ ಅರ್ಥಗಳನ್ನು ಅಮರಸಿಂಹನು ತನ್ನ ಕೋಶದ ನಾನಾರ್ಥವರ್ಗದಲ್ಲಿ ಒಟ್ಟಿಗೆ ಹೇಳಿದ್ದಾನೆ. ಎಳವೆಯಲ್ಲಿ ಅದನ್ನು ಕಂಠಪಾಠ ಮಾಡಿದವನು ನಾನು. ಉಪನಯನದಿಂದ ಎರಡನೆಯ ಜನ್ಮ ಪಡೆದವನು ದ್ವಿಜ. ಒಮ್ಮೆ ಮೊಟ್ಟೆಯಾಗಿ, ಮತ್ತೊಮ್ಮೆ ಮೊಟ್ಟೆಯೊಡೆದು ಹುಟ್ಟುವ ಹಕ್ಕಿ ದ್ವಿಜ. ಒಮ್ಮೆ ಬಿದ್ದು ಮರಳಿ ಮೂಡುವ ಹಲ್ಲು ದ್ವಿಜ. ಬಾಯಿಪಾಠದ ವಿದ್ಯೆ ಇಷ್ಟು ವರ್ಷ ಗಂಟಲಿನಲ್ಲಿ ನಿದ್ರಿಸುತ್ತಿತ್ತು. ಅದನ್ನು ಎಬ್ಬಿಸುವುದಕ್ಕೆ ಅಡ್ಡಲಾಗಿ ಮತ್ತೊಂದು ಪದವೇ ಬಂದು ಬಾಗಿಲು ತಟ್ಟಬೇಕಾಯಿತು.

ನಮ್ಮ ಮನೆಯಲ್ಲಿ ಆರು ವರ್ಷದ ಮೊಮ್ಮಗಳಿದ್ದಾಳೆ. ಅವಳ ಮುಂದಿನ ಹಲ್ಲೊಂದು ಅದೇ ವಾರ ಅಲುಗಾಡಿ ಬಿದ್ದಿತ್ತು. ನಮ್ಮ ಕಡೆಯ ರೂಢಿಯಂತೆ ಅದನ್ನು ಸಗಣಿಯ ಉಂಡೆಯಲ್ಲಿ ಹುದುಗಿಸಿ ಹೆಂಚಿನ ಮೇಲೆ ಎಸೆದಿದ್ದೆವು. ಎಸೆದಾಗಿನಿಂದ ಮಗು ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುತ್ತಿದ್ದಳು. ಪದಬಂಧ ಮುಗಿಸಿದ ಬಳಿಕ ಅವಳನ್ನು ಕರೆದು, ಹಲ್ಲಿಗೆ ದ್ವಿಜವೆಂಬ ಹೆಸರೂ ಉಂಟೆಂದು, ಅದರ ಅರ್ಥ ಇಂಥದೆಂದು ತಿಳಿಸಿದೆ. “ಹಾಗಾದ್ರೆ ಹೆಸರಲ್ಲೇ ಇದೆಯಾ ತಾತ, ಮತ್ತೆ ಬರುತ್ತೆ ಅಂತ?” ಎಂದಳು. ಇದೆ ಎಂದೆ. ಕೈ ತೆಗೆದು, ಕನ್ನಡಿಯ ಹತ್ತಿರ ಓಡಿಹೋಗಿ, ತುಟಿಯನ್ನು ಮೇಲೆತ್ತಿ ಆ ಖಾಲಿ ಮನೆಯನ್ನು ನೋಡುತ್ತ ನಿಂತಳು.